ಗರ್ಭದ ಮಗು ‘ಎರಡು ವಾರ ಹಿಂದೆ’: ಸ್ಕ್ಯಾನಿಂಗ್ ವರದಿಯ ಅಳತೆಗಳು ಹೇಳುವುದೇನು?

ಸಾತನೂರು: ಕನಕಪುರದಿಂದ ಮಳವಳ್ಳಿಯತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಹೋಬಳಿ ಕೇಂದ್ರ ಸಾತನೂರು. 2007ರಲ್ಲಿ ಹೊಸ ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಆ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರು ಬದಲಾದರೂ ಸುತ್ತಲಿನ ಹಳ್ಳಿಗಳ ಬದುಕು ರಾಗಿ, ರೇಷ್ಮೆ, ಹೈನುಗಾರಿಕೆಯನ್ನೇ ನೆಚ್ಚಿಕೊಂಡಿದೆ. ಈ ಭಾಗದ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಎಂದರೆ ಸಾಮಾನ್ಯವಾಗಿ ಬಸ್ ಹತ್ತಿ ಕನಕಪುರಕ್ಕೋ, ಚನ್ನಪಟ್ಟಣಕ್ಕೋ, ರಾಮನಗರಕ್ಕೋ ಹೋಗಿಬರುವ ಒಂದು ದಿನದ ಕೆಲಸ. ಕೈಗೆ ಬರುವುದು ಇಂಗ್ಲಿಷಿನಲ್ಲಿರುವ, ಅಂಕಿಗಳಿಂದ ತುಂಬಿದ ವರದಿ. ಅದನ್ನು ಓದಿದವರು ‘ಮಗು ಎರಡು ವಾರ ಹಿಂದಿದೆ’ ಎಂದು ಒಂದು ಮಾತು ಹೇಳಿದರೆ ಸಾಕು, ಮರಳುವ ಬಸ್ಸಿನಲ್ಲೇ ಆತಂಕ ಆರಂಭವಾಗುತ್ತದೆ.

ಈ ಒಂದು ಮಾತಿಗೆ ಕನಿಷ್ಠ ಮೂರು ಅರ್ಥಗಳಿವೆ. ದಿನದ ಲೆಕ್ಕವೇ ತಪ್ಪಿರಬಹುದು. ಮಗು ಆರೋಗ್ಯವಾಗಿದ್ದು ಮೈಕಟ್ಟಿನಲ್ಲಿ ಚಿಕ್ಕದಿರಬಹುದು. ಅಥವಾ ಬೆಳೆಯಬೇಕಾದ ಮಗು ಬೆಳೆಯದೆ ನಿಂತಿರಬಹುದು. ಮೊದಲ ಎರಡಕ್ಕೆ ಹೆದರಬೇಕಾಗಿಲ್ಲ. ಮೂರನೆಯದನ್ನು ಅಲಕ್ಷಿಸುವಂತಿಲ್ಲ. ಒಂದೇ ದಿನದ ಒಂದೇ ವರದಿಯಿಂದ ಈ ಮೂರನ್ನು ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಬಹುತೇಕ ಸಾಧ್ಯವಿಲ್ಲ ಎಂಬುದನ್ನು ಓದುಗರು ಮೊದಲು ಗಮನಿಸಬೇಕು.

ಲೆಕ್ಕ ಶುರುವಾಗುವುದು ಎಲ್ಲಿಂದ?

ಗರ್ಭದ ವಯಸ್ಸನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದು ವೈದ್ಯಕೀಯ ಪದ್ಧತಿ. ಅಲ್ಲಿಂದ 280 ದಿನ, ಅಂದರೆ 40 ವಾರಕ್ಕೆ ಹೆರಿಗೆಯ ಅಂದಾಜು ದಿನ. ಈ ಲೆಕ್ಕ 28 ದಿನಗಳಿಗೊಮ್ಮೆ ತಪ್ಪದೆ ಮುಟ್ಟಾಗುವವರಿಗೆ ಮಾತ್ರ ಸರಿಹೊಂದುತ್ತದೆ. ಹಳ್ಳಿಗಳಲ್ಲಿ ಅನೇಕರಿಗೆ ತಾರೀಖು ನೆನಪಿರುವುದಿಲ್ಲ. ‘ಯುಗಾದಿ ಕಳೆದು ಎಂಟು ದಿನಕ್ಕೆ’, ‘ಊರ ಹಬ್ಬದ ಹಿಂದಿನ ವಾರ’ ಎಂದು ನೆನಪಿಸಿಕೊಳ್ಳುತ್ತಾರೆ. ಆಶಾ ಕಾರ್ಯಕರ್ತೆಯರು ಅದನ್ನೇ ಕ್ಯಾಲೆಂಡರಿನಲ್ಲಿ ಹುಡುಕಿ ತಾಯಿ ಕಾರ್ಡಿನಲ್ಲಿ ತಾರೀಖು ಬರೆಯುವುದುಂಟು. ಇದು ತಪ್ಪೇನಲ್ಲ. ಆದರೆ ಮುಂದಿನ ಎಂಟು ತಿಂಗಳ ಎಲ್ಲ ಅಳತೆಗಳೂ ಆ ಒಂದು ತಾರೀಖಿನ ಮೇಲೆ ನಿಂತಿರುತ್ತವೆ.

ಒಂದು ಉದಾಹರಣೆ ನೋಡಬಹುದು. ಒಬ್ಬ ಮಹಿಳೆಗೆ 40 ದಿನಗಳಿಗೊಮ್ಮೆ ಮುಟ್ಟಾಗುತ್ತದೆ ಎಂದಿಟ್ಟುಕೊಳ್ಳಿ. ಆಕೆಯಲ್ಲಿ ಗರ್ಭ ನಿಲ್ಲುವುದೇ ಇತರರಿಗಿಂತ ಸುಮಾರು 12 ದಿನ ತಡವಾಗಿ. ಕಾರ್ಡಿನ ಪ್ರಕಾರ 32 ವಾರ ತುಂಬಿದ ದಿನ ಮಗುವಿನ ನಿಜವಾದ ವಯಸ್ಸು 30 ವಾರಕ್ಕಿಂತ ತುಸು ಹೆಚ್ಚು. ಮಗು ವಯಸ್ಸಿಗೆ ತಕ್ಕಂತೆಯೇ ಬೆಳೆದಿರುತ್ತದೆ. ವರದಿ ಮಾತ್ರ ‘ಎರಡು ವಾರ ಹಿಂದೆ’ ಎನ್ನುತ್ತದೆ.

ಇದನ್ನು ತಪ್ಪಿಸುವ ಸುಲಭ ಉಪಾಯ ಮೊದಲ ಮೂರು ತಿಂಗಳಲ್ಲಿ ಒಂದು ಸ್ಕ್ಯಾನಿಂಗ್. ಆಗ ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದವನ್ನು ಅಳೆಯುತ್ತಾರೆ. 1973ರಲ್ಲಿ ಗ್ಲಾಸ್ಗೋದ ಹ್ಯೂ ರಾಬಿನ್ಸನ್ ಪ್ರಕಟಿಸಿದ ಈ ವಿಧಾನ ಇಂದಿಗೂ ಅತ್ಯಂತ ನಂಬಿಕೆಯದು. ಆ ಹಂತದಲ್ಲಿ ಎಲ್ಲ ಭ್ರೂಣಗಳೂ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಅಪ್ಪ ಎತ್ತರದವನೋ ಅಮ್ಮ ಕುಳ್ಳಿಯೋ ಎಂಬುದು ಇನ್ನೂ ಲೆಕ್ಕಕ್ಕೆ ಬಂದಿರುವುದಿಲ್ಲ. ಹಾಗಾಗಿ ವಯಸ್ಸಿನ ಅಂದಾಜು ಐದರಿಂದ ಏಳು ದಿನಗಳೊಳಗೆ ನಿಖರವಾಗಿರುತ್ತದೆ. ಏಳನೇ ತಿಂಗಳು ದಾಟಿದ ಮೇಲೆ ಮೊದಲ ಸ್ಕ್ಯಾನಿಂಗ್ ಆದರೆ ಅದೇ ಅಂದಾಜು ಮೂರು ವಾರದಷ್ಟು ಆಚೀಚೆ ಆಗಬಹುದು. ಆಗ ಕಾಣುವುದು 30 ವಾರದ ಸಹಜ ಮಗುವೋ, 32 ವಾರದ ಬಡಕಲು ಮಗುವೋ ಎಂದು ಯಂತ್ರ ಹೇಳಲಾರದು.

ಮೊದಲ ಸ್ಕ್ಯಾನಿಂಗಿನಿಂದ ಒಮ್ಮೆ ನಿಗದಿಯಾದ ಹೆರಿಗೆ ದಿನಾಂಕವನ್ನು ನಂತರದ ವರದಿಗಳನ್ನು ನೋಡಿ ಬದಲಿಸಬಾರದು. ಎಂಟನೇ ತಿಂಗಳ ವರದಿಯ ಕೆಳಗೆ ಯಂತ್ರವೇ ಮುದ್ರಿಸುವ ಹೊಸ ದಿನಾಂಕವನ್ನು ನಂಬಿ ‘ಇನ್ನೂ ಎರಡು ವಾರ ಇದೆ’ ಎಂದು ಸುಮ್ಮನಾಗುವವರಿದ್ದಾರೆ. ಮಗು ನಿಜಕ್ಕೂ ಬೆಳೆಯದಿದ್ದ ಪಕ್ಷದಲ್ಲಿ ಆ ತಪ್ಪು ದುಬಾರಿಯಾಗುತ್ತದೆ.

ಟೇಪಿನಿಂದ ಯಂತ್ರದವರೆಗೆ

ಯಂತ್ರಕ್ಕೂ ಮುನ್ನ ಇರುವುದು ದರ್ಜಿಯ ಟೇಪು. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಗರ್ಭಿಣಿಯ ಕಿಬ್ಬೊಟ್ಟೆಯ ಮೂಳೆಯಿಂದ ಗರ್ಭಕೋಶದ ಮೇಲ್ತುದಿಯವರೆಗೆ ಅಳೆಯುತ್ತಾರೆ. 24ರಿಂದ 36 ವಾರದವರೆಗೆ ಈ ಅಳತೆ ಸೆಂಟಿಮೀಟರಿನಲ್ಲಿ ಎಷ್ಟಿದೆಯೋ ಹೆಚ್ಚು ಕಡಿಮೆ ಅಷ್ಟೇ ವಾರಗಳು. ಮೂರು ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು ವ್ಯತ್ಯಾಸ ಕಂಡರೆ ಸ್ಕ್ಯಾನಿಂಗ್‌ಗೆ ಕಳುಹಿಸಬೇಕು. ಮೂತ್ರ ತುಂಬಿದ್ದರೆ, ಮಗು ಅಡ್ಡಲಾಗಿ ಮಲಗಿದ್ದರೆ, ತಾಯಿ ದಪ್ಪಗಿದ್ದರೆ ಲೆಕ್ಕ ತಪ್ಪುತ್ತದೆ. ಆದರೂ ಖರ್ಚಿಲ್ಲದ ಈ ಟೇಪಿನ ಅಳತೆಯನ್ನು ಪ್ರತಿ ಭೇಟಿಯಲ್ಲೂ ಬರೆದಿಟ್ಟರೆ, ಯಾವಾಗಲೋ ಒಮ್ಮೆ ಮಾಡಿಸಿದ ದುಬಾರಿ ಸ್ಕ್ಯಾನಿಂಗ್ ತೋರಿಸದ್ದನ್ನು ಅದು ತೋರಿಸಬಲ್ಲದು.

ಗರ್ಭಿಣಿಯ ಹೊಟ್ಟೆಯೊಳಗನ್ನು ಶಬ್ದದ ಅಲೆಗಳಿಂದ ನೋಡುವ ಕ್ರಮವನ್ನು ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಜಗತ್ತಿಗೆ ತಿಳಿಸಿದ್ದು 1958ರಲ್ಲಿ, ಅದೂ ಗ್ಲಾಸ್ಗೋದಿಂದಲೇ. ಇಂದಿನ ಬೆಳವಣಿಗೆ ಸ್ಕ್ಯಾನಿಂಗಿನಲ್ಲಿ ನಾಲ್ಕು ಅಳತೆಗಳಿರುತ್ತವೆ. ಬಿಪಿಡಿ ಎಂದರೆ ತಲೆಯ ಅಗಲ, ಎಚ್‌ಸಿ ಎಂದರೆ ತಲೆಯ ಸುತ್ತಳತೆ, ಎಸಿ ಎಂದರೆ ಹೊಟ್ಟೆಯ ಸುತ್ತಳತೆ, ಎಫ್‌ಎಲ್ ಎಂದರೆ ತೊಡೆಮೂಳೆಯ ಉದ್ದ. ಈ ನಾಲ್ಕರಲ್ಲಿ ಹೆಚ್ಚು ಗಮನ ಬೇಕಾದುದು ಹೊಟ್ಟೆಯ ಸುತ್ತಳತೆಗೆ. ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ, ಬರುವ ಆಹಾರ ಕಡಿಮೆಯಾದಾಗ ಮಗು ತನ್ನ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಖರ್ಚು ಮಾಡುತ್ತದೆ, ಮೈಕೊಬ್ಬು ಕರಗುತ್ತದೆ, ಹೊಟ್ಟೆ ಸಣ್ಣದಾಗುತ್ತದೆ. ಇರುವ ರಕ್ತವನ್ನು ಮೆದುಳಿಗೆ ಹೆಚ್ಚಾಗಿ ಹರಿಸಿಕೊಳ್ಳುವುದರಿಂದ ತಲೆ ಮಾತ್ರ ಬೆಳೆಯುತ್ತಾ ಹೋಗುತ್ತದೆ. ತಲೆ ಸರಿಯಿದ್ದು ಹೊಟ್ಟೆ ಹಿಂದೆ ಬಿದ್ದ ಮಗು ವೈದ್ಯರನ್ನು ಎಚ್ಚರಿಸುವುದು ಈ ಕಾರಣಕ್ಕೆ. ತೊಡೆಮೂಳೆಯೊಂದೇ ತುಸು ಗಿಡ್ಡವಿದ್ದರೆ ಬಹಳಷ್ಟು ಸಲ ಅದು ಮನೆತನದ ಮೈಕಟ್ಟು.

ವರದಿಯ ಕೊನೆಯಲ್ಲಿರುವ ತೂಕ, ಇಎಫ್‌ಡಬ್ಲ್ಯು, ಎಲ್ಲರ ಕಣ್ಣು ಬೀಳುವ ಅಂಕಿ. ಅದು ತೂಗಿದ ತೂಕವಲ್ಲ. ಮೇಲಿನ ಅಳತೆಗಳನ್ನು ಸೂತ್ರಕ್ಕೆ ಹಾಕಿ ತೆಗೆದ ಅಂದಾಜು. ಬಹುತೇಕ ಯಂತ್ರಗಳಲ್ಲಿರುವುದು ಅಮೆರಿಕದ ಟೆಕ್ಸಾಸ್‌ನ ಫ್ರಾಂಕ್ ಹ್ಯಾಡ್ಲಾಕ್ 1985ರಲ್ಲಿ ಪ್ರಕಟಿಸಿದ ಸೂತ್ರ. ಅದು ಶೇ 10ರಿಂದ 15ರಷ್ಟು ಆಚೀಚೆ ಹೋಗುವುದು ಮಾಮೂಲು. ‘2.5 ಕಿಲೋ’ ಎಂದು ಬರೆದಿದ್ದರೆ ಮಗು 2.1 ಕಿಲೋ ಇರಬಹುದು, 2.9 ಕಿಲೋ ಕೂಡ ಇರಬಹುದು.

ಕೊನೆಯ ತಿಂಗಳುಗಳಲ್ಲಿ ಮಗುವಿನ ತೂಕ ವಾರಕ್ಕೆ ಸುಮಾರು 200 ಗ್ರಾಂ ಏರುತ್ತದೆ. 1.8 ಕಿಲೋ ಮಗುವಿನಲ್ಲಿ ಯಂತ್ರದ ತಪ್ಪೇ ಅಷ್ಟಿರುತ್ತದೆ. ಗಾಬರಿಯಿಂದ ಒಂದೇ ವಾರದಲ್ಲಿ ಮತ್ತೊಂದು ಕಡೆ ಸ್ಕ್ಯಾನಿಂಗ್ ಮಾಡಿಸಿದರೆ ಕಾಣುವ ಏರಿಕೆ ಇಳಿಕೆ ಮಗುವಿನದೋ ಯಂತ್ರದ್ದೋ ತಿಳಿಯದು. ಬೆಳವಣಿಗೆ ನೋಡಲು ಎರಡು ಸ್ಕ್ಯಾನಿಂಗ್‌ಗಳ ನಡುವೆ ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ ಅಂತರ ಬೇಕು. ಎರಡೂ ಒಂದೇ ಕೇಂದ್ರದಲ್ಲಿ ಆದರೆ ಹೋಲಿಕೆ ಸುಲಭ. ರಕ್ತಸಂಚಾರ ಮತ್ತು ನೀರಿನ ಪ್ರಮಾಣದ ಪರೀಕ್ಷೆಯ ಮಾತು ಬೇರೆ. ವೈದ್ಯರು ಸೂಚಿಸಿದರೆ ಅವನ್ನು ವಾರಕ್ಕೊಮ್ಮೆ, ಅದಕ್ಕಿಂತ ಬೇಗ ಕೂಡ ಮಾಡಬೇಕಾಗುತ್ತದೆ.

‘ನಮ್ಮ ಕಡೆ ಮಕ್ಕಳೇ ಚಿಕ್ಕವು’

ಒಂದೇ ವಯಸ್ಸಿನ ನೂರು ಮಕ್ಕಳನ್ನು ತೂಕದ ಕ್ರಮದಲ್ಲಿ ನಿಲ್ಲಿಸಿದರೆ ಕೊನೆಯ ಹತ್ತರಲ್ಲಿ ಬರುವ ಮಗುವನ್ನು ‘ವಯಸ್ಸಿಗೆ ಚಿಕ್ಕದು’ ಎನ್ನುತ್ತಾರೆ. ವರದಿಯಲ್ಲಿ 10ನೇ ಪರ್ಸೆಂಟೈಲ್‌ಗಿಂತ ಕಡಿಮೆ ಎಂದು ಬರೆದಿರುವುದು ಇದನ್ನೇ. ಯಾವ ಸಾಲು ನಿಲ್ಲಿಸಿದರೂ ಕೊನೆಯ ಹತ್ತು ಮಂದಿ ಇದ್ದೇ ಇರುತ್ತಾರೆ. ಅವರಲ್ಲಿ ಅನೇಕರು ಹುಟ್ಟಾ ಚಿಕ್ಕವರು, ಆರೋಗ್ಯವಂತರು. 3ನೇ ಪರ್ಸೆಂಟೈಲ್‌ಗಿಂತ ಕೆಳಗಿದ್ದರೆ ಮಾತ್ರ ಬೇರೆ ಲಕ್ಷಣಗಳಿಲ್ಲದಿದ್ದರೂ ಬೆಳವಣಿಗೆ ಕುಂಠಿತವೆಂದೇ ಪರಿಗಣಿಸಬೇಕೆಂದು 2016ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಮ್ಮತಕ್ಕೆ ಬಂದಿದ್ದಾರೆ.

ಪ್ರಶ್ನೆಯೆಂದರೆ ಸಾಲಿನಲ್ಲಿ ನಿಲ್ಲಿಸಿದ್ದು ಯಾರ ಮಕ್ಕಳನ್ನು? 1991ರಲ್ಲಿ ಹ್ಯಾಡ್ಲಾಕ್ ತಯಾರಿಸಿದ ತೂಕದ ನಕ್ಷೆಗೆ ಆಧಾರ ಬಹುಪಾಲು ಮಧ್ಯಮ ವರ್ಗದ ಬಿಳಿಯ 392 ಗರ್ಭಿಣಿಯರು. ಅದರಲ್ಲಿ ಸಾತನೂರಿನ ಮಗುವನ್ನು ಅಳೆಯುವುದು ಸರಿಯೇ ಎಂಬ ಆಕ್ಷೇಪ ಸಹಜ. 2014ರಲ್ಲಿ ಪ್ರಕಟವಾದ ‘ಇಂಟರ್‌ಗ್ರೋತ್-21’ ಅಧ್ಯಯನ ನಾಗಪುರವೂ ಸೇರಿದಂತೆ ಎಂಟು ದೇಶಗಳ ಎಂಟು ನಗರಗಳಲ್ಲಿ ನಡೆಯಿತು. ತಾಯಿ ಆರೋಗ್ಯವಂತಳಾಗಿದ್ದು ಪೌಷ್ಟಿಕ ಆಹಾರ ಸಿಕ್ಕರೆ ಎಲ್ಲ ದೇಶದ ಮಕ್ಕಳೂ ಗರ್ಭದಲ್ಲಿ ಬಹುತೇಕ ಒಂದೇ ರೀತಿ ಬೆಳೆಯುತ್ತವೆ ಎಂದು ಅದು ಹೇಳಿತು. 2017ರಲ್ಲಿ ಭಾರತವೂ ಸೇರಿ ಹತ್ತು ದೇಶಗಳ ಅಧ್ಯಯನ ಮುಗಿಸಿದ ವಿಶ್ವ ಆರೋಗ್ಯ ಸಂಸ್ಥೆ, ದೇಶದಿಂದ ದೇಶಕ್ಕೆ ವ್ಯತ್ಯಾಸ ಇದ್ದೇ ಇದೆ ಎಂದಿತು. ವಿವಾದ ಬಗೆಹರಿದಿಲ್ಲ. 2024ರಲ್ಲಿ ಫರೀದಾಬಾದಿನ ಸಂಶೋಧನಾ ಸಂಸ್ಥೆ ಟಿಎಚ್‌ಎಸ್‌ಟಿಐ ಮತ್ತು ಮದ್ರಾಸ್ ಐಐಟಿ ತಜ್ಞರು ಭಾರತೀಯ ಗರ್ಭಿಣಿಯರ ಮಾಹಿತಿಯಿಂದಲೇ ಗರ್ಭದ ವಯಸ್ಸು ಲೆಕ್ಕ ಹಾಕುವ ‘ಗರ್ಭಿಣಿ-ಜಿಎ2’ ಎಂಬ ಮಾದರಿಯನ್ನು ಪ್ರಕಟಿಸಿದರು.

ನಕ್ಷೆಯ ವಿವಾದ ಏನೇ ಇರಲಿ, ‘ನಮ್ಮ ಕಡೆ ಮಕ್ಕಳೇ ಚಿಕ್ಕವು’ ಎಂಬ ಮಾತನ್ನು ಸಮಾಧಾನವಾಗಿ ಬಳಸುವ ಮುನ್ನ ಮೈಸೂರಿನ ಕಥೆ ತಿಳಿದಿರುವುದು ಒಳಿತು.

ಮಿಷನ್ ಆಸ್ಪತ್ರೆಯ ಹಳೆಯ ಲೆಡ್ಜರುಗಳು

ಸಾತನೂರಿನಿಂದ ಇದೇ ಹೆದ್ದಾರಿ ಹಿಡಿದು ಮಳವಳ್ಳಿ ದಾಟಿದರೆ ಮೈಸೂರು. ಅಲ್ಲಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಜನರ ಬಾಯಲ್ಲಿ ಇಂದಿಗೂ ಮಿಷನ್ ಆಸ್ಪತ್ರೆ. 1934ರಿಂದಲೇ ಅಲ್ಲಿ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡಲಾಗುತ್ತಿತ್ತು. ಸ್ಕ್ಯಾನಿಂಗ್ ಇಲ್ಲದ ಆ ಕಾಲದಲ್ಲಿ ಗರ್ಭದೊಳಗಿನ ಬೆಳವಣಿಗೆಗೆ ಇದ್ದ ಸಾಕ್ಷ್ಯ ಆ ಲೆಡ್ಜರುಗಳ ಅಂಕಿಗಳು ಮಾತ್ರ. ದಶಕಗಳ ನಂತರ ಬ್ರಿಟನ್ನಿನ ಸೌತಾಂಪ್ಟನ್ನಿನ ವಿಜ್ಞಾನಿಗಳು ಮತ್ತು ಮೈಸೂರಿನ ವೈದ್ಯರು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲೇ ನೆಲೆಸಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದ್ದವರ ಪೈಕಿ ಶೇ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಇತ್ತು. ಮೂರು ಕಿಲೋಗಿಂತ ಹೆಚ್ಚು ತೂಗಿದ್ದವರಲ್ಲಿ ಅದು ಶೇ 3ರಷ್ಟಿತ್ತು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಾನುಗಟ್ಟಲೆ ಹಿಂಬಾಲಿಸುವ ಮತ್ತೊಂದು ಅಧ್ಯಯನ, ‘ಪಾರ್ಥೆನಾನ್’, ಆರಂಭವಾಯಿತು. ಮೈಸೂರಿನ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗ ನಮ್ಮವು ಎಲ್ಲ ರೀತಿಯಲ್ಲೂ ಚಿಕ್ಕವಿದ್ದವು. ಹೊಟ್ಟೆ, ಮಾಂಸಖಂಡ ಬಹಳ ಕಡಿಮೆ. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚು ಕಡಿಮೆ ಅವರಷ್ಟೇ. ಮುಂದೆ ಸಕ್ಕರೆ ಕಾಯಿಲೆಗೆ ದಾರಿಯಾಗುವ ಮೈಕಟ್ಟು ಇದೇ ಎಂಬುದು ತಜ್ಞರ ಅನುಮಾನ. ಅಲ್ಲಿ ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ಶೇ 6.2 ಮಂದಿಗೆ ಗರ್ಭಧಾರಣೆಯ ಸಮಯದ ಸಕ್ಕರೆ ಕಾಯಿಲೆ ಇದ್ದುದೂ ಪತ್ತೆಯಾಯಿತು. ಹೊಟ್ಟೆಯ ಸುತ್ತಳತೆ ಮಿತಿಮೀರಿ ಏರಿದ ಮಗು ‘ಗುಂಡುಗುಂಡಾಗಿದೆ’ ಎಂದು ಸಂತೋಷಪಡುವ ಮುನ್ನ ತಾಯಿಯ ರಕ್ತದ ಸಕ್ಕರೆ ನೋಡಿಸಬೇಕಾದುದು ಇದಕ್ಕೇ.

ಚಿಕ್ಕದಾಗಿ ಹುಟ್ಟುವುದು ನಮ್ಮಲ್ಲಿ ಸಾಮಾನ್ಯ ಎಂಬುದು ಸರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೂಕ ದಾಖಲಾದ ನವಜಾತ ಶಿಶುಗಳ ಪೈಕಿ ದೇಶದಲ್ಲಿ ಸುಮಾರು ಶೇ 18 ಮಕ್ಕಳು 2.5 ಕಿಲೋಗಿಂತ ಕಡಿಮೆ ಇದ್ದವು. ಸಾಮಾನ್ಯ ಎಂದಮಾತ್ರಕ್ಕೆ ಅದು ನಿರಪಾಯಕಾರಿ ಎಂದು ಮೈಸೂರಿನ ಲೆಡ್ಜರುಗಳು ಹೇಳುವುದಿಲ್ಲ.

ಬೆಳವಣಿಗೆ ಕುಂಠಿತವಾಗುವುದೇಕೆ?

ಮುಖ್ಯ ಕಾರಣ ಮಾಸು ತನ್ನ ಕೆಲಸ ಸರಿಯಾಗಿ ಮಾಡದಿರುವುದು. ಗರ್ಭಿಣಿಯ ರಕ್ತದೊತ್ತಡ ಏರಿದಾಗ ಇದು ಹೆಚ್ಚು. ತಾಯಿಯ ರಕ್ತಹೀನತೆ, ಪೌಷ್ಟಿಕಾಂಶದ ಕೊರತೆ, ಹದಿಹರೆಯದ ಬಸಿರು, ಹೆರಿಗೆಗಳ ನಡುವೆ ಅಂತರ ಇಲ್ಲದಿರುವುದು, ಸೌದೆ ಒಲೆಯ ಹೊಗೆ, ಎಲೆಅಡಿಕೆಯೊಡನೆ ಹೊಗೆಸೊಪ್ಪು, ಕೆಲವು ಸೋಂಕುಗಳು, ಅವಳಿ ಮಕ್ಕಳು, ಅಪರೂಪಕ್ಕೆ ಮಗುವಿನಲ್ಲೇ ಇರುವ ವರ್ಣತಂತುಗಳ ದೋಷ ಇತರ ಕಾರಣಗಳು. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಸುಮಾರು ಶೇ 46 ಮಂದಿಗೆ ರಕ್ತಹೀನತೆ ಇದೆ.

ಇವುಗಳ ಜೊತೆಗೆ ಹಿರಿಯರ ಮಾತೊಂದಿದೆ: ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞರಾದ ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇದ್ದು ಅಧ್ಯಯನ ನಡೆಸಿ 1983ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ನಂಬಿಕೆಯ ವಿವರವಿದೆ. ಊಟವೂ ಮಗುವೂ ಹೊಟ್ಟೆಯ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ, ಊಟ ಹೆಚ್ಚಾದರೆ ಮಗುವಿಗೆ ಜಾಗ ಸಾಲದು ಎಂದು ಭಾವಿಸಿದ್ದ ಮಹಿಳೆಯರು ಅಲ್ಲಿದ್ದರು. ಆಸ್ಪತ್ರೆ ದೂರವಿದ್ದು ಹೆರಿಗೆಯೆಂದರೆ ಪ್ರಾಣಭಯವಾಗಿದ್ದ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತೇನೋ. ಇಂದು ಎರಡು ಮುದ್ದೆ ಉಣ್ಣುವ ಸೊಸೆಗೆ ಒಂದು ಸಾಕು ಎನ್ನುವ ಮನೆಯಲ್ಲೇ, ಸ್ಕ್ಯಾನಿಂಗಿನಲ್ಲಿ ತೂಕ ಕಡಿಮೆ ಬಂದಾಗ ಪ್ರೋಟೀನ್ ಪುಡಿಯ ದುಬಾರಿ ಡಬ್ಬಿ ತರಲಾಗುತ್ತದೆ.

ಚಿಕಿತ್ಸೆ ಏನು?

ಸೊರಗಿದ ಮಾಸನ್ನು ಸರಿಪಡಿಸುವ ಔಷಧ ಇಂದಿಗೂ ಇಲ್ಲ. ಹಾಸಿಗೆ ಬಿಟ್ಟು ಏಳದೆ ಮಲಗಿದರೆ ಮಗು ಬೆಳೆಯುತ್ತದೆ ಎಂಬುದಕ್ಕೂ, ಅಮೈನೋ ಆಮ್ಲದ ಬಾಟಲಿ ಏರಿಸಿದರೆ ತೂಕ ಹೆಚ್ಚುತ್ತದೆ ಎಂಬುದಕ್ಕೂ ಗಟ್ಟಿ ಆಧಾರಗಳಿಲ್ಲ. ಆದರೆ ಊಟವೇ ಸಾಲದ ಗರ್ಭಿಣಿಗೆ ಸಮತೋಲಿತ ಆಹಾರ ಒದಗಿಸಿದರೆ ಕಡಿಮೆ ತೂಕದ ಜನನ ತಗ್ಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ನೀಡುವ ‘ಮಾತೃಪೂರ್ಣ’ ಯೋಜನೆ 2017ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದುದರ ಹಿನ್ನೆಲೆ ಇದೇ. ಕಬ್ಬಿಣಾಂಶದ ಮಾತ್ರೆ, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ಹೊಗೆಸೊಪ್ಪು ಬಿಡುವುದು ಇವೆಲ್ಲ ಕೆಲಸಕ್ಕೆ ಬರುತ್ತವೆ. ಹಿಂದಿನ ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರಿಗೆ ವೈದ್ಯರು 16ನೇ ವಾರದೊಳಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸುವುದುಂಟು. ಇದನ್ನು ತಾವಾಗಿಯೇ ಅಂಗಡಿಯಿಂದ ಕೊಂಡು ನುಂಗುವಂತಿಲ್ಲ.

ಉಳಿದದ್ದು ಕಾವಲು ಮತ್ತು ಹೆರಿಗೆಯ ಸಮಯದ ನಿರ್ಧಾರ. ಡಾಪ್ಲರ್ ಪರೀಕ್ಷೆಯಲ್ಲಿ ಹೊಕ್ಕುಳಬಳ್ಳಿಯ ರಕ್ತದ ಹರಿವು ತಿಳಿಯುತ್ತದೆ. ಮಗುವಿನ ಹೃದಯದ ಎರಡು ಬಡಿತಗಳ ನಡುವಿನ ಬಿಡುವಿನಲ್ಲೂ ರಕ್ತ ಮಾಸಿನ ಕಡೆಗೆ ಹರಿಯುತ್ತಿರಬೇಕು. ಆ ಬಿಡುವಿನಲ್ಲಿ ಹರಿವು ನಿಂತರೆ ಅಪಾಯ. ಹಿಮ್ಮುಖವಾದರೆ ಅಪಾಯ ಇನ್ನೂ ಹೆಚ್ಚು. ಚಿಕ್ಕದಾಗಿದ್ದರೂ ಹರಿವು, ನೀರು, ಚಲನೆ ಎಲ್ಲವೂ ಸರಿಯಿದ್ದು, ತನ್ನದೇ ರೇಖೆಯಲ್ಲಿ ಮೇಲೇರುತ್ತಿರುವ ಮಗುವನ್ನು ಸಾಮಾನ್ಯವಾಗಿ ದಿನ ತುಂಬುವವರೆಗೆ ಬಿಡಬಹುದು. 32 ವಾರದ ನಂತರ ಕುಂಠಿತವಾಗುವ ಮಗುವಿನಲ್ಲಿ ಹೊಕ್ಕುಳಬಳ್ಳಿಯ ಹರಿವು ಸರಿಯಾಗಿಯೇ ಕಾಣಬಹುದು. ಅಂಥಲ್ಲಿ ಮೆದುಳಿನ ರಕ್ತನಾಳವನ್ನೂ ನೋಡುತ್ತಾರೆ. ದಿನ ತುಂಬುವ ಮುನ್ನವೇ ಹೆರಿಗೆ ಅನಿವಾರ್ಯವೆಂದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು, ನವಜಾತ ಶಿಶುಗಳ ಘಟಕವಿರುವ ಆಸ್ಪತ್ರೆಗೇ ಮೊದಲೇ ಕಳುಹಿಸಬೇಕಾಗುತ್ತದೆ.

ಸಾತನೂರಿನಂಥ ಊರುಗಳಿಗೆ ಈ ಕೊನೆಯ ಮಾತು ಮುಖ್ಯ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ 2016ರಲ್ಲಿ ಆರಂಭವಾದದ್ದು ಇಂಥ ಗರ್ಭಿಣಿಯರನ್ನು ಮುಂಚೆಯೇ ಗುರುತಿಸಲೆಂದೇ. ಅಲ್ಲಿಗೆ ಹೋಗುವಾಗ ಕೊನೆಯ ಸ್ಕ್ಯಾನಿಂಗ್ ವರದಿಯನ್ನಷ್ಟೇ ಒಯ್ಯುವುದು ಹಲವರ ರೂಢಿ. ವೈದ್ಯರಿಗೆ ಹೆಚ್ಚು ಬೇಕಾದುದು ಮೊದಲನೆಯ ವರದಿ. ಜತೆಗೆ ತಾಯಿ ಕಾರ್ಡ್ ಮತ್ತು ನಡುವಿನ ಎಲ್ಲ ವರದಿಗಳೂ ಇರಬೇಕು. ಮಗು ಗಂಡೋ ಹೆಣ್ಣೋ ಎಂದು ಈ ನೆಪದಲ್ಲಿ ಕೇಳುವುದಾಗಲೀ ಹೇಳುವುದಾಗಲೀ 1994ರ ಕಾಯ್ದೆಯನ್ವಯ ಅಪರಾಧ.

ಎರಡು ಸ್ಕ್ಯಾನಿಂಗ್‌ಗಳ ನಡುವೆ ತಾಯಿಯೇ ಗಮನಿಸಬಹುದಾದ ಸಂಗತಿ ಮಗುವಿನ ಒದೆತ. ಮಾಮೂಲಿಗಿಂತ ಚಲನೆ ಕಡಿಮೆಯಾದರೆ, ರಕ್ತ ಕಂಡರೆ, ನೀರು ಹೋದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ, ಮುಖ ಕೈ ಊದಿಕೊಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ 108ಕ್ಕೆ ಕರೆ ಮಾಡಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾದರೂ ಸರಿ.

ಹೆರಿಗೆಯ ನಂತರ ತಕ್ಕಡಿಯಲ್ಲಿ ತೂಗಿದ ತೂಕವನ್ನೂ, ಆಗ ಎಷ್ಟು ವಾರ ತುಂಬಿತ್ತೆಂಬುದನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು ಜೋಪಾನವಾಗಿಡುವುದು ಒಳ್ಳೆಯದು. ಚಿಕ್ಕ ಮಗು ಹೆತ್ತ ತಾಯಿಗೆ ಮುಂದಿನ ಬಸಿರಿನಲ್ಲೂ ಅದೇ ಸಮಸ್ಯೆ ಮರುಕಳಿಸುವ ಸಾಧ್ಯತೆ ಇತರರಿಗಿಂತ ಹೆಚ್ಚು. ಆಗ ವೈದ್ಯರು ಮೊದಲು ಕೇಳುವುದು ಆ ಎರಡು ಅಂಕಿಗಳನ್ನೇ.